ಪರ್ಮಿಟ್ ಬೇಕಾದ ನೆರೆಮನೆ

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದ ಕಡಲ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಚಿತ್ರ ಬಂದದ್ದೇ ತಡ, ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗುಲ್ಲೆದ್ದಿತು. ಮಾಲ್ಡೀವ್ಸ್‌ಗೆ ಹೊರಟಿದ್ದ ತಮ್ಮನ ಮಗಳು ಮತ್ತು ಅವಳ ಗಂಡ ಅದನ್ನು ಬಿಟ್ಟು ಇಲ್ಲಿಗೇ ಹೋಗುವುದೆಂದು ತೀರ್ಮಾನಿಸಿದರು. “ಅತ್ತೆ, ನೀವು ಯಾವಾಗಲೋ ಹೋಗಿದ್ರಿ ಅಲ್ವಾ? ಹೇಗುಂಟು?” ಎಂದು ಅವಳ ಮೆಸೇಜು. ನೀರು ನೀಲಿ, ಮರಳು ಬಿಳಿ, ನಾಯಿ ಇಲ್ಲ, ತಟ್ಟೆಗೆ ಬರುವ ಮೀನು ಒಂದೇ ಜಾತಿ ಎಂದು ಬರೆದು ಕಳಿಸಿದೆ. ಅವಳಿಗೆ ಬೇಕಾದದ್ದು ಅಷ್ಟೇ. ನನಗೆ ಮಾತ್ರ ಆ ಪ್ರವಾಸವೆಂದರೆ ಮೊದಲು ನೆನಪಾಗುವುದು ಅಪ್ಪ ಮತ್ತು ಕೊಬ್ಬರಿಯ ತೂಕ.

ಅಪ್ಪ ಮಂಗಳೂರಿನ ಬಂದರಿನಲ್ಲಿ ಒಂದು ಮಂಡಿಯ ರೈಟರ್ ಆಗಿದ್ದವರು. ಮೀಸೆ ಮೂಡುವ ಪ್ರಾಯದಲ್ಲಿ ಸೇರಿ, ಕನ್ನಡಕ ದಪ್ಪವಾದ ಮೇಲೆ ಬಿಟ್ಟರು. ಮಂಡಿಗೆ ದ್ವೀಪಗಳಿಂದ ಕೊಬ್ಬರಿ, ಕತ್ತದ ಹುರಿ ಬರುತ್ತಿತ್ತು. ಇಲ್ಲಿಂದ ಅಕ್ಕಿ, ಹಂಚು, ಜಲ್ಲಿ, ತರಕಾರಿ ಹೋಗುತ್ತಿತ್ತು. ಸೋಣ ತಿಂಗಳು ಕಳೆದು ಕಡಲು ತಣ್ಣಗಾದರೆ ಹಳೇ ಬಂದರಿನ ಧಕ್ಕೆಯಲ್ಲಿ ಸರಕು ಹೊರುವ ಮಂಜಿ ಹಡಗುಗಳು ಸಾಲುಗಟ್ಟುವುದು, ಮೇ ನಡುವಿಗೆ ಅಳಿವೆಯ ಬಾಯಿ ಒರಟಾಗುತ್ತಲೇ ಎಲ್ಲ ನಿಲ್ಲುವುದು. ನಮ್ಮ ಮನೆಯ ವರ್ಷವೂ ಹಾಗೇ ಎರಡು ಪಾಲಾಗಿತ್ತು. ಮಳೆಗಾಲದಲ್ಲಿ ಅಪ್ಪ ಸಂಜೆ ಆರಕ್ಕೆ ಮನೆಯಲ್ಲಿ ಇರುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಅವರು ಬರುವ ಹೊತ್ತಿಗೆ ನಮಗೆ ನಿದ್ದೆ. ಅವರ ಅಂಗಿಯಲ್ಲಿ ಕೊಬ್ಬರಿಯ ಕಮಟು ವಾಸನೆ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್ ಎಂಬ ಹೆಸರುಗಳು ನನಗೆ ಭೂಪಟದಿಂದ ಪರಿಚಯವಾದದ್ದಲ್ಲ, ಅವರ ಜಮಾಖರ್ಚಿನ ಪುಸ್ತಕದಿಂದ.

ಆದರೆ ಅಪ್ಪ ಒಂದು ಸಲವೂ ಅಲ್ಲಿಗೆ ಹೋದವರಲ್ಲ. ರೈಟರ್‌ಗೆ ದಡದಲ್ಲಿ ಕೆಲಸ, ಕಡಲಲ್ಲಿ ಮಂಜಿ ನಡೆಸುವ ತಂಡೇಲನಿಗೆ. ನಾನು ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ. ರಜೆ ಪ್ರಯಾಣದ ಭತ್ಯೆ ಕೈಗೆ ಬಂದ ವರ್ಷ, 2003ರ ಜನವರಿಗೆ, ಎಲ್ಲರೂ ಗೋವಾ ಎನ್ನುವಾಗ ನಾನು ಕಡ್ಮತ್ ಎಂದೆ. ಅಪ್ಪನಿಗೆ ಖುಷಿಯಾದೀತೆಂದು ಲೆಕ್ಕ ಹಾಕಿದ್ದೆ. ಅವರು ಕೇಳಿದ್ದು, “ಅಲ್ಲಿ ಹೋಗಿ ಎಂತ ಮಾಡುವುದು? ಸರಕು ಇಲ್ಲದೆ?”

ಖುಷಿಯ ಮಾತು ಹಾಗಿರಲಿ, ಅರ್ಜಿಯ ನಮೂನೆ ಕಂಡು ಅವರಿಗೆ ಸಿಟ್ಟೇ ಬಂತು. ಲಕ್ಷದ್ವೀಪಕ್ಕೆ ಹೋಗಲು ಭಾರತೀಯರಿಗೂ ಪ್ರವೇಶದ ಪರವಾನಗಿ ಬೇಕು. 1967ರಲ್ಲಿ ಮಾಡಿದ ನಿಯಮ ಅದು. ಪೊಲೀಸ್ ಠಾಣೆಯಿಂದ ನಡತೆಯ ಪತ್ರ, ಫೋಟೊ, ಮೂಲ ವಾಸಸ್ಥಳದ ವಿವರ. ಅಪ್ಪ ಪೆನ್ನು ಕೆಳಗಿಟ್ಟು, “ನಮ್ಮ ಜಿಲ್ಲೆಗೆ ಹೋಗಲಿಕ್ಕೆ ಪರ್ಮಿಟ್ ಎಂತಕ್ಕೆ?” ಎಂದರು.

ತಮಾಷೆ ಎಂದುಕೊಂಡೆವು. ಅವರು ತಮಾಷೆಗೆ ಹೇಳಿದ್ದಲ್ಲ. 1956ರ ಅಕ್ಟೋಬರ್ 31ರವರೆಗೆ ಅಮಿನ್‌ದಿವಿ ದ್ವೀಪಗಳು, ಅಂದರೆ ಕಡ್ಮತ್ ಸೇರಿದ ಆ ಉತ್ತರದ ಗುಂಪು, ಮದ್ರಾಸ್ ರಾಜ್ಯದ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿದ್ದವು. ಕಲೆಕ್ಟರ್ ಕೂರುತ್ತಿದ್ದುದು ಮಂಗಳೂರಿನಲ್ಲಿ. ದಕ್ಷಿಣದ ಕವರತ್ತಿ, ಅಗತ್ತಿ ಮೊದಲಾದವು ಮಲಬಾರ್ ಜಿಲ್ಲೆಯವು. ನವೆಂಬರ್ 1ರಂದು ರಾಜ್ಯಗಳನ್ನು ಹೊಸದಾಗಿ ಹಂಚುವಾಗ ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ದ್ವೀಪಗಳೆಲ್ಲ ಒಟ್ಟಾಗಿ ಕೇಂದ್ರಾಡಳಿತ ಪ್ರದೇಶವಾದವು. ಕಾಸರಗೋಡು ಕೈತಪ್ಪಿತೆಂಬ ಸಂಕಟ ನಮ್ಮ ಕಡೆ ಇಂದಿಗೂ ಆರಿಲ್ಲ. ಅಮಿನ್‌ದಿವಿ ಹೋಯಿತೆಂದು ಅತ್ತವರನ್ನು ನಾನು ಕಂಡಿಲ್ಲ. ಅಳಬೇಕಾದ ಕಾರಣವೂ ಇಲ್ಲವೆನ್ನಿ. ಅಲ್ಲಿನ ಜನರ ಮಾತು ಮಲಯಾಳಕ್ಕೆ ಹತ್ತಿರದ ಜೆಸರಿ, ಕನ್ನಡಕ್ಕೂ ಅವರಿಗೂ ನಂಟು ಕಡಿಮೆ. ಆದರೆ ಅಪ್ಪ ಮಂಡಿಗೆ ಸೇರುವಾಗ ಅದು ಅವರ ಜಿಲ್ಲೆಯೇ. ಗಡಿ ಎಳೆದವರು ಮಂಡಿಯ ರೈಟರನ್ನು ಕೇಳಿರಲಿಲ್ಲ, ಅಷ್ಟೇ.

ಹೋಗುವ ದಾರಿಯೂ ಅವರ ಸಿಟ್ಟಿಗೆ ತುಪ್ಪ ಸುರಿಯಿತು. ಮಂಗಳೂರಿನಿಂದ ಕಡ್ಮತ್ ನೇರವಾಗಿ ಅಳೆದರೆ 300 ಕಿ.ಮೀ. ಒಳಗೆ. ಆದರೆ ಪ್ರವಾಸಿಗರ ಹಡಗು ಹೊರಡುವುದು ಕೊಚ್ಚಿಯಿಂದ. ರೈಲಿನಲ್ಲಿ 400 ಕಿ.ಮೀ. ಮೀರಿ ದಕ್ಷಿಣಕ್ಕೆ ಇಳಿದು, ಅಲ್ಲಿಂದ ಮತ್ತೆ 400 ಕಿ.ಮೀ. ವಾಯವ್ಯಕ್ಕೆ ತೇಲಿ ಬರಬೇಕು. ತಲೆ ಸುತ್ತ ಕೈ ತಂದು ಮೂಗು ಹಿಡಿದ ಹಾಗೆ. ಎರ್ನಾಕುಲಂವರೆಗೂ ಅಪ್ಪ ಕಿಟಕಿಯ ಹತ್ತಿರ ಬಿಗಿದ ಮುಖದಲ್ಲಿ ಕೂತಿದ್ದರು. ವಿಲಿಂಗ್ಡನ್ ದ್ವೀಪದ ಧಕ್ಕೆಯಲ್ಲಿ ನಮ್ಮ ಹಡಗಿನ ಹೆಸರು ಓದಿದ ಮೇಲೆಯೇ ಸ್ವಲ್ಪ ಸಡಿಲವಾದದ್ದು: ಎಂ.ವಿ. ಟಿಪ್ಪು ಸುಲ್ತಾನ್.

“ಹೆಸರು ಸರಿಯಾಗಿ ಇಟ್ಟಿದ್ದಾರೆ,” ಎಂದರು.

ನನ್ನ ಮಗನಿಗೆ ಆಗ ಹತ್ತು ವರ್ಷ. ಟಿಪ್ಪು ಎಂದರೆ ಶ್ರೀರಂಗಪಟ್ಟಣ, ಹುಲಿ, ಕತ್ತಿ ಎಂದು ಕಲಿತವನಿಗೆ ಕಡಲಿನ ಟಿಪ್ಪು ಹೊಸಬ. ಡೆಕ್ಕಿನ ಬೆಂಚಿನಲ್ಲಿ ಅಪ್ಪ ಅವನಿಗೆ ಹೇಳಿದ ಕತೆ ಇದು. ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಕತ್ತವನ್ನು ಅವರಿಗೇ ಮಾರಬೇಕು, ಅವರು ಹೇಳಿದ ಬೆಲೆಗೇ ಮಾರಬೇಕು. ತಡೆದು ತಡೆದು ಸಾಕಾಗಿ 1780ರ ದಶಕದಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪುವಿಗೆ ಮೊರೆಯಿಟ್ಟರು. ಉತ್ತರದ ದ್ವೀಪಗಳು ಅವನ ಕೈಗೆ ಬಂದವು. 1799ರಲ್ಲಿ ಅವನು ಸತ್ತ ಮೇಲೆ ಕಂಪನಿಗೆ ಹೋಗಿ, ಕೆನರಾಕ್ಕೆ ಅಂಟಿಕೊಂಡವು. ಇಂಗ್ಲಿಷರು ಬಂದ ಮೇಲೂ ಕತ್ತ ಸರಕಾರದ ಏಕಸ್ವಾಮ್ಯವೇ; ಕತ್ತ ಕೊಟ್ಟವನಿಗೆ ಅಕ್ಕಿ ಅಳೆದು ಕೊಡುವುದು. “ಅಂದರೆ ಬೆಲೆ ಯಾರು ಹೇಳುತ್ತಿದ್ದರು?” ಎಂದು ಮಗ ಕೇಳಿದ. “ಕೊಳ್ಳುವವರು,” ಎಂದರು ಅಪ್ಪ, ಯಾವ ಅಳುಕೂ ಇಲ್ಲದೆ. ಜೀವಮಾನವಿಡೀ ಅವರು ಕೂತದ್ದು ಕೊಳ್ಳುವವರ ಕಡೆಗೆ.

ಬೆಳಿಗ್ಗೆ ಹಡಗು ದ್ವೀಪದ ಹತ್ತಿರ ನಿಂತಿತು, ದ್ವೀಪಕ್ಕೆ ತಾಗಲಿಲ್ಲ. ಆಗ ಇಳಿಯುವುದೆಂದರೆ ಹಡಗಿನ ಹೊಟ್ಟೆಯ ಹತ್ತಿರದ ಬಾಗಿಲಿನಿಂದ ಸಣ್ಣ ದೋಣಿಗೆ ದಾಟುವುದು. ದೋಣಿ ಅಲೆಯ ಮೇಲೆ ಏರಿದಾಗ ಬಾಗಿಲಿನ ಮಟ್ಟ, ಇಳಿದಾಗ ಒಂದಾಳು ಕೆಳಗೆ. ಬಾಗಿಲಲ್ಲಿ ಇಬ್ಬರು ಕಲಾಸಿಗಳು ನಮ್ಮ ರಟ್ಟೆ ಹಿಡಿದು, ಅಲೆ ನೋಡಿ, ಕೂಗಿ, ದೂಡಿಬಿಡುತ್ತಾರೆ. ದೋಣಿಯಲ್ಲಿ ಇನ್ನಿಬ್ಬರು ಹಿಡಿದುಕೊಳ್ಳುತ್ತಾರೆ. ನನ್ನ ಗಂಡ ಹಾಸನದ ಕಡೆಯವರು, ದೊಡ್ಡ ನೀರೆಂದರೆ ಹೇಮಾವತಿಯ ಹಿನ್ನೀರು ಕಂಡವರು. ಬಾಗಿಲಿಗೆ ಬಂದು ಕೆಳಗೆ ನೋಡಿ, “ಅಲ್ಲ ಕಣೆ, ಗೋವಾಕ್ಕೆ ಬಸ್ಸಿತ್ತು,” ಎಂದರು. ಅವರ ಹಿಂದೆ ನಿಂತಿದ್ದ ಅಮ್ಮ ಸೆರಗು ಬಿಗಿದು, ಕುಚಲಕ್ಕಿಯ ಚೀಲವನ್ನು ಮೊದಲು ದಾಟಿಸಿ, ಅದು ಸುರಕ್ಷಿತವಾಗಿ ತಲುಪಿತೆಂದು ಖಾತ್ರಿಯಾದ ಮೇಲೆ ತಾನು ದಾಟಿದಳು. ಆ ಚೀಲದ ತಳದಲ್ಲಿ ಒಣಮೀನಿನ ಕಟ್ಟೂ ಇತ್ತೆಂದು ಆಮೇಲೆ ತಿಳಿಯಿತು. ಮೀನಿನ ದ್ವೀಪಕ್ಕೆ ಒಣಮೀನು ಹೊತ್ತು ತಂದವಳು ನಮ್ಮಮ್ಮ ಒಬ್ಬಳೇ ಇರಬೇಕು.

ರೆಸಾರ್ಟು ದ್ವೀಪದ ದಕ್ಷಿಣದ ತುದಿಯಲ್ಲಿ. ಕಡ್ಮತ್ ಉದ್ದಕ್ಕೆ ಒಂಬತ್ತು ಕಿ.ಮೀ. ಆಸುಪಾಸು, ಅಗಲ ಎಲ್ಲಿ ಹೆಚ್ಚೋ ಅಲ್ಲಿಯೂ ಅರ್ಧ ಕಿ.ಮೀ.ಗೆ ಸ್ವಲ್ಪ ಮೇಲೆ. ತುದಿಗೆ ಬರುವಾಗ ಅದು ಇನ್ನೂ ಸಪೂರ. ನಮ್ಮ ಗುಡಿಸಲಿನ ಮುಂದಿನ ಬಾಗಿಲು ಪಡುವಣಕ್ಕೆ. ಅಲ್ಲಿ ಹವಳದ ದಿಬ್ಬದ ಒಳಗೆ ಸಿಕ್ಕಿದ ನೀರು, ಗದ್ದೆಗೆ ಕಟ್ಟಿದ ನೀರಿನ ಹಾಗೆ ಅಲ್ಲಾಡದೆ ನಿಂತಿರುತ್ತಿತ್ತು. ತೆಂಗಿನ ತೋಟ ದಾಟಿ ಮೂಡುಗಡೆಗೆ ಬಂದರೆ ಅದೇ ಕಡಲು ಕಲ್ಲಿಗೆ ಅಪ್ಪಳಿಸಿ ಮಾತು ಕೇಳಗೊಡುತ್ತಿರಲಿಲ್ಲ. ಮಕ್ಕಳು ಬೆಳಿಗ್ಗೆ ಒಂದು ದಂಡೆಯಲ್ಲಿ ಸೂರ್ಯ ಹುಟ್ಟುವುದನ್ನೂ ಸಂಜೆ ಇನ್ನೊಂದರಲ್ಲಿ ಮುಳುಗುವುದನ್ನೂ ನೋಡಲು ಓಡಾಡಿದರು. ಮಗಳು ಮೊದಲ ದಿನವಿಡೀ ನಾಯಿ ಹುಡುಕಿದಳು. ಲಕ್ಷದ್ವೀಪದಲ್ಲಿ ನಾಯಿಗಳಿಲ್ಲ, ಹಾವುಗಳೂ ಇಲ್ಲ. ಬೆಕ್ಕುಗಳು ಬೇಕಾದಷ್ಟು, ಇಲಿಗಳು ಬೇಡವೆನ್ನುವಷ್ಟು. ಎಳೆ ಕಾಯಿಗಳನ್ನು ಮರದಲ್ಲೇ ಕೊರೆದು ಬೀಳಿಸುತ್ತವೆ. ಹಿಂದೆ ಊರಿನ ಗಂಡಸರೆಲ್ಲ ಕೂಡಿ ಇಲಿಬೇಟೆಗೆ ಹೊರಡುವ ಕಟ್ಟಳೆಯೇ ಇತ್ತಂತೆ.

ಊಟದ ವಿಷಯ ಅಮ್ಮನ ಇಲಾಖೆ. ಮಧ್ಯಾಹ್ನ ಚೂರ ಮೀನಿನ ಗಸಿ, ರಾತ್ರಿ ಚೂರ ಮೀನು ಹುರಿದದ್ದು, ಮಾರನೆಯ ದಿನ ಅದನ್ನೇ ಬಿಡಿಸಿ ಪಲ್ಯ. ಚೂರ ಎಂದರೆ ಟ್ಯೂನಾ. ಜಗತ್ತಿನ ದೊಡ್ಡ ಹೋಟೆಲುಗಳಲ್ಲಿ ಅದಕ್ಕೆ ಎಷ್ಟೇ ಬೆಲೆಯಿರಲಿ, ಮಂಗಳೂರಿನ ಮೀನು ಮಾರ್ಕೆಟಿನಲ್ಲಿ ಅಂಜಲ್, ಕಾಣೆ, ಬಂಗುಡೆ ಮುಗಿದ ಮೇಲೆ ಕಣ್ಣು ಹೋಗುವ ಮೀನದು. ಅಮ್ಮ ಒಂದು ತುಂಡನ್ನು ಬೆರಳಲ್ಲಿ ಒತ್ತಿ ನೋಡಿ, “ಇದು ಮೀನಾ, ಮಾಂಸವಾ ಮಾರಾಯ್ತಿ?” ಎಂದಳು. ಅಡಿಗೆಯ ಹುಡುಗ ನಕ್ಕು, ಬೆಳಿಗ್ಗೆ ಹಿಡಿದದ್ದಮ್ಮ ಎಂದ. ಹಿಡಿಯುವ ರೀತಿಯನ್ನೂ ತೋರಿಸಿದ. ಬಲೆ ಬೀಸುವುದಿಲ್ಲ, ಪಾಬ್ಲೋ ಬೋಟಿನ ಹಿಂಬದಿಯಲ್ಲಿ ಸಾಲಾಗಿ ನಿಂತು, ಜೀವಂತ ಸಣ್ಣ ಮೀನನ್ನು ನೀರಿಗೆ ಎರಚುತ್ತ, ಉದ್ದನೆಯ ಗಳಕ್ಕೆ ಕಟ್ಟಿದ ಗಾಳದಲ್ಲಿ ಒಂದೊಂದನ್ನೇ ಬೀಸಿ ಎಳೆದು ಬೋಟಿನೊಳಗೆ ಬೀಳಿಸುವುದು. ಗಾಳಕ್ಕೆ ಮುಳ್ಳಿನ ಕೊಕ್ಕೆಯಿಲ್ಲ, ಮೀನು ಬೋಟಿಗೆ ಬಿದ್ದ ಏಟಿಗೆ ಕಳಚಿಕೊಳ್ಳುತ್ತದೆ. ಇದನ್ನೆಲ್ಲ ಅವನು ಪೊರಕೆಯ ಕಡ್ಡಿ ಹಿಡಿದು ಅಭಿನಯಿಸಿದ. ಅಮ್ಮನಿಗೆ ಹಿಡಿಯುವ ಕ್ರಮ ಮೆಚ್ಚುಗೆಯಾಯಿತು, ರುಚಿ ಆಗಲಿಲ್ಲ. ಕೊನೆಗೆ ಅಡಿಗೆಮನೆಗೇ ಹೋಗಿ, ಹುಣಸೆಹುಳಿ ಎಷ್ಟು ಬೇಕೆಂದು ಅವನಿಗೆ ಪಾಠ ಮಾಡಿ ಬಂದಳು.

ನೀರಿನೊಳಗಿನದು ನನ್ನ ಪಾಲಿಗೆ ಬಂತು. ಗಾಜಿನ ತಳದ ದೋಣಿಯಲ್ಲಿ ಕೂತರೆ ಮೊದಲು ಮರಳು, ಆಮೇಲೆ ಕಡಲಹುಲ್ಲು, ಆಮೇಲೆ ಹವಳ. ಬಣ್ಣಬಣ್ಣದ ಹವಳವೆಂದು ಕ್ಯಾಲೆಂಡರಿನಲ್ಲಿ ನೋಡಿದ್ದೆ. ಕೆಳಗೆ ಕಂಡದ್ದು ಹೆಚ್ಚಿನದೆಲ್ಲ ಬೂದುಬಣ್ಣ. ಮುರಿದ ಕೊಂಬೆಗಳ ರಾಶಿ, ಅದರ ಮೇಲೆ ಪಾಚಿಯ ನವಿರು. ನಡುನಡುವೆ ಅಂಗೈಯಗಲದ ನೇರಳೆ ಚಿಗುರು. ಗಿಳಿಮೀನುಗಳು ಮಾತ್ರ ಧಾರಾಳ. ದೋಣಿಯ ತಳಕ್ಕೆ ಕಿವಿಯಿಟ್ಟರೆ ಅವು ಹವಳವನ್ನು ಕಟಕಟನೆ ಕಡಿಯುವುದು ಕೇಳುತ್ತಿತ್ತು. ಅವು ತಿಂದು, ಅರೆದು, ಹಿಂದಿನಿಂದ ಬಿಡುವುದೇ ನಾವು ಅಂಗಾತ ಮಲಗುವ ಬಿಳಿ ಮರಳಿನ ಒಂದು ಪಾಲು ಎಂದು ತಿಳಿದ ಮಗ ಮತ್ತೆ ಮರಳಿನಲ್ಲಿ ಮಲಗಲಿಲ್ಲ.

ದೋಣಿಯ ಯುವಕ 1998 ಎಂದ, ನಮ್ಮಲ್ಲಿ ಹಿರಿಯರು ಬರಗಾಲದ ವರ್ಷವನ್ನು ಹೇಳುವ ಹಾಗೆ. ಆ ಬೇಸಗೆ ಕಡಲ ನೀರು ಎಂದಿಗಿಂತ ಬಿಸಿಯಾಯಿತು. ಹವಳದ ಹುಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬದುಕುತ್ತದೆ, ಬಿಸಿಲಿನಲ್ಲಿ ಅಡಿಗೆ ಮಾಡಿ ಹುಳಕ್ಕೆ ಬಡಿಸುವುದು ಅದೇ, ಬಣ್ಣ ಕೊಡುವುದೂ ಅದೇ. ನೀರು ಒಂದೆರಡು ಡಿಗ್ರಿ ಹೆಚ್ಚಿಗೆ ಕಾದು ವಾರಗಟ್ಟಲೆ ಹಾಗೇ ಉಳಿದರೆ ಹುಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಹವಳ ಬೆಳ್ಳಗಾಗುತ್ತದೆ, ಪಾಚಿ ಮರಳದಿದ್ದರೆ ಉಪವಾಸ ಸಾಯುತ್ತದೆ. 2010ರಲ್ಲಿ, 2016ರಲ್ಲಿ ಮತ್ತೆ ಹೀಗೇ ಆಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು 1998ರಿಂದಲೂ ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ ಮುಳುಗು ಹಾಕಿ ಲೆಕ್ಕ ಇಟ್ಟಿದ್ದಾರೆ. ದಿಬ್ಬದ ನೆಲದಲ್ಲಿ ಶೇ. 37ರಷ್ಟನ್ನು ಹೊದ್ದಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ. 19ರ ಆಸುಪಾಸಿಗೆ ಇಳಿದಿದೆ. ಆ ನೇರಳೆ ಚಿಗುರುಗಳನ್ನು ಕಂಡು, ಪರವಾಗಿಲ್ಲ, ಚಿಗುರುತ್ತದೆ ಎಂದು ನಾನೂ ಆ ಹುಡುಗನೂ ಮಾತಾಡಿಕೊಂಡಿದ್ದೆವು. ಚಿಗುರಿಗೆ ಬೆಳೆಯುವಷ್ಟು ಬಿಡುವು ಎರಡು ಬಿಸಿಗಳ ನಡುವೆ ಸಿಗಬೇಕಲ್ಲ.

ಇತ್ತ ಅಪ್ಪ. ಪ್ಯಾಂಟು ಮಡಚಿ ನೀರಿಗೆ ಕಾಲಿಡುವುದಿಲ್ಲ, ಗಾಜಿನ ದೋಣಿಗೆ ಬರುವುದಿಲ್ಲ, ತೆಂಗಿನ ಮರದ ಕೆಳಗೆ ಕುರ್ಚಿ ಹಾಕಿ ಕೂತು ಗೊನೆಗಳನ್ನು ಎಣಿಸುವುದು. ರೆಸಾರ್ಟು ಎಂಬುದೇ ಅವರಿಗೆ ಹಿಡಿಸಲಿಲ್ಲ. ಊರಿಗೆ ಬಂದು ಊರಿನ ಹೊರಗೆ ಕೂರುವುದು ಎಂಥ ಕ್ರಮ ಎಂದು ಅವರ ತಕರಾರು. ಆಗ ನಾನು ವಾದಿಸಿದ್ದೆ. ದುಡ್ಡು ಕೊಟ್ಟು ಬಂದದ್ದೇ ಯಾರ ಕಾಟವೂ ಇರಬಾರದೆಂದು. ಈಗ ಯೋಚಿಸಿದರೆ ತಕರಾರಿನಲ್ಲಿ ಹುರುಳಿತ್ತು. ದ್ವೀಪದ ಜನ ಗುಡಿಸಿದ ಮರಳಿನ ಮೇಲೆ, ದ್ವೀಪದ ಜನ ಬೇಯಿಸಿದ್ದನ್ನು ಉಂಡು, ಅವರ ಊರನ್ನು ನೋಡದೆ ಹೋಗುವುದಕ್ಕೆಂದೇ ಏರ್ಪಾಡು ಮಾಡಿದ ಜಾಗವದು. ಎಲ್ಲ ದ್ವೀಪದ ರೆಸಾರ್ಟುಗಳೂ ಹಾಗೇ.

ಅಡಿಗೆಯ ಹುಡುಗನೇ ಅಪ್ಪನನ್ನು ಪಾರು ಮಾಡಿದ್ದು. ತನ್ನ ಅಜ್ಜ ಓಡದಲ್ಲಿ, ಅಂದರೆ ಹಾಯಿ ಕಟ್ಟಿದ ಹಳೆಯ ಹಡಗಿನಲ್ಲಿ, ಮಂಗಳೂರಿಗೆ ಹೋಗಿ ಬರುತ್ತಿದ್ದವರೆಂದು ಅಮ್ಮನ ಹುಣಸೆಹುಳಿಯ ಪಾಠದ ನಡುವೆ ಬಾಯಿಬಿಟ್ಟ. ಸಂಜೆ ಅಪ್ಪ ಬಿಳಿ ಅಂಗಿ ಹಾಕಿ ಹೊರಟರು. ಜೊತೆಗೆ ನಾನು ಮತ್ತು ಮಗ.

ಹಿರಿಯರು ಎಂಬತ್ತರ ಹತ್ತಿರದವರು. ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಚುರುಕಾಗಿತ್ತು. ಅಪ್ಪ ಬ್ಯಾರಿ, ಮಲಯಾಳ ಎರಡನ್ನೂ ಬೆರೆಸಿ, “ಸಾಯ್ಬ್ರೆ, ನಾನು ಬಂದರಿನಲ್ಲಿ ರೈಟರ್ ಆಗಿದ್ದೆ,” ಎಂದರು. ಹಿರಿಯರು ಮುಖ ಎತ್ತಿ, ಯಾವ ಬೀದಿ ಎಂದು ಕೇಳಿದರು. ನೆಲ್ಲಿಕಾಯಿ ರಸ್ತೆ. ಅಲ್ಲಿಂದ ಶುರುವಾಯಿತು. ಕಂದಕ ಹಾಗೇ ಉಂಟಾ, ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಗೆ ಬಣ್ಣ ಬಳಿದಿದ್ದಾರಾ, ಧಕ್ಕೆಯ ಹತ್ತಿರ ಚಹಾದ ಜೊತೆ ಗೋಳಿಬಜೆ ಕೊಡುತ್ತಿದ್ದ ಅಂಗಡಿ ಏನಾಯಿತು. ಅವರಿಗೆ ತುಳುವೂ ಸ್ವಲ್ಪ ಬರುತ್ತಿತ್ತು. ನಾಲ್ಕು ಬೈಗುಳ, ಹಮಾಲರಿಂದ ಕಲಿತದ್ದು, ಉಚ್ಚಾರ ಚೊಕ್ಕ. ಮಗ ಅವನ್ನು ಮತ್ತೆ ಹೇಳಿಸಿಕೊಂಡ.

ಅವರ ಅಂಗಳವನ್ನು ನಾನು ನೋಡುತ್ತ ಕೂತೆ. ಹಿತ್ತಲ ಕೊಟ್ಟಿಗೆಗೆ ಮಂಗಳೂರು ಹಂಚು ಹೊದಿಸಿದ್ದರು, ಒಂದು ಒಡೆದ ಹಂಚಿನ ಹಿಂಬದಿಯಲ್ಲಿ ಊರಿನ ಹೆಸರಿನ ಅಚ್ಚು ಅರ್ಧ ಉಳಿದಿತ್ತು. ಮನೆಯ ಕಾಂಕ್ರೀಟಿನ ಜಲ್ಲಿ, ಒಲೆಯ ಮೇಲಿನ ಅಕ್ಕಿ, ಬುಟ್ಟಿಯಲ್ಲಿದ್ದ ನೀರುಳ್ಳಿ, ಎಲ್ಲವೂ ಮಂಜಿಯಲ್ಲಿ ಬಂದದ್ದು. ನೆಲ ಹವಳದ ಮರಳಾದ ಕಾರಣ ಭತ್ತ ಬೆಳೆಯುವ ಮಾತಿಲ್ಲ. ಹಿರಿಯರ ತಂಗಿ ಜಗಲಿಯ ತುದಿಯಲ್ಲಿ ಕತ್ತ ಹೊಸೆಯುತ್ತಿದ್ದರು. ಸಿಪ್ಪೆಯನ್ನು ದಂಡೆಯ ಮರಳಿನಲ್ಲಿ ಹುಗಿದು, ಮೇಲೆ ಕಲ್ಲು ಹೇರಿ, ಉಬ್ಬರದ ನೀರು ಬಂದುಹೋಗುವಲ್ಲಿ ತಿಂಗಳುಗಟ್ಟಲೆ ಕೊಳೆಸಿ, ತೆಗೆದು, ಬಡಿದು, ಒಣಗಿಸಿದ ನಾರು. ಎರಡು ಎಳೆಗಳನ್ನು ಎಡಗೈಯ ಮೇಲಿಟ್ಟು ಬಲಗೈಯಿಂದ ಮುಂದಕ್ಕೆ ಉಜ್ಜಿದರೆ ಎರಡೂ ಬೇರೆಬೇರೆ ತಿರುಚಿಕೊಳ್ಳುತ್ತವೆ, ಹಿಂದಕ್ಕೆ ಒಂದು ಎಳೆತ, ಎರಡೂ ಒಂದರಲ್ಲೊಂದು ಬಿಗಿದು ಹುರಿಯಾಗುತ್ತದೆ. ಮೂರೋ ನಾಲ್ಕೋ ಬೆರಳಿನಷ್ಟು ಉದ್ದ ಮುಂದೆ ಸರಿಯುತ್ತದೆ. ಮತ್ತೆ ಅದೇ. ಅಂಗೈಯ ಚರ್ಮ ಒರೆಗಲ್ಲಿನ ಹಾಗೆ ನುಣುಪಾಗಿ ಗಟ್ಟಿಯಾಗಿತ್ತು. ಮಂಡಿಯಲ್ಲಿ ಮಣಗಟ್ಟಲೆ ತೂಗಿದ ಅಪ್ಪ ಅದನ್ನು ಹೊಸೆಯುವುದನ್ನು ಹತ್ತಿರದಿಂದ ಕಂಡದ್ದು ಅಲ್ಲಿಯೇ ಮೊದಲು. ಏನೂ ಹೇಳಲಿಲ್ಲ, ತುದಿ ಹಿಡಿದು ಎಳೆದು ಗಟ್ಟಿ ಎಷ್ಟೆಂದು ನೋಡಿದರು. ಅಭ್ಯಾಸ.

ಬಾವಿ ಅಂಗಳದ ಮೂಲೆಯಲ್ಲಿ. ಮಗ ಬಗ್ಗಿ ನೋಡಿದರೆ ನೀರು ಒಂದಾಳಿಗಿಂತಲೂ ಮೇಲೆ. ಇಂಥ ದ್ವೀಪಗಳಲ್ಲಿ ಮಳೆಯ ನೀರು ಮರಳಿಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿ ನಿಲ್ಲುತ್ತದೆ. ಉಬ್ಬರಕ್ಕೆ ಬಾವಿಯೂ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಹಿರಿಯರ ಮನೆಯಲ್ಲಿ ಸಣ್ಣ ಬಾಲ್ದಿಯಲ್ಲಿ ನಿಧಾನಕ್ಕೆ ಎತ್ತುವ ರೂಢಿ. ನಾವು ಕಡಲಿಗಿಳಿದು ಬಂದಾಗಲೆಲ್ಲ ನಲ್ಲಿ ತಿರುಗಿಸಿ ಉಪ್ಪು ತೊಳೆದುಕೊಳ್ಳುತ್ತಿದ್ದವರು. ಕಡಲ ನೀರನ್ನು ಸಿಹಿ ಮಾಡುವ ಸರಕಾರಿ ಸ್ಥಾವರ ಲಕ್ಷದ್ವೀಪಕ್ಕೆ ಬಂದದ್ದು 2005ರಲ್ಲಿ, ಕವರತ್ತಿಗೆ, ದಿನಕ್ಕೆ 1 ಲಕ್ಷ ಲೀಟರಿನದು.

ಮುಖ್ಯ ವಿಷಯಕ್ಕೆ ಹಿರಿಯರು ಬಂದದ್ದು ಎರಡನೆಯ ಸುತ್ತು ಚಹಾ ಆದ ಮೇಲೆ. ಅವರೂರಿನ ಕೊಬ್ಬರಿ ಓಡದಿಂದ ಇಳಿಯುವಾಗ ಒಂದು ತೂಕ, ಮಂಡಿಯ ತಕ್ಕಡಿಗೆ ಏರಿದ ಮೇಲೆ ಇನ್ನೊಂದು ತೂಕ. ಪ್ರತಿ ಮೂಟೆಗೂ ಇಷ್ಟು ಎಂದು ಕಳೆಯುವುದು. ಯಾಕೆ?

ಅಪ್ಪ ಈ ಪ್ರಶ್ನೆಗೆ ನಲವತ್ತು ವರ್ಷ ಕೊಟ್ಟ ಉತ್ತರವನ್ನೇ ಕೊಟ್ಟರು. ಕಡಲ ಗಾಳಿಗೆ ಕೊಬ್ಬರಿ ತೇವ ಎಳೆದುಕೊಳ್ಳುತ್ತದೆ. ಗೋದಾಮಿನಲ್ಲಿ ಒಣಗಿದ ಮೇಲೆ ತೂಕ ಇಳಿಯುತ್ತದೆ. ಮಂಡಿಯವನು ನೀರಿಗೆ ದುಡ್ಡು ಕೊಡಲಿಕ್ಕೆ ಆಗುತ್ತದಾ ಸಾಯ್ಬ್ರೆ?

ಹಿರಿಯರು ತಲೆಯಾಡಿಸಿದರು, ಒಪ್ಪಿದವರ ಹಾಗೆ. ಆಮೇಲೆ ಕೇಳಿದರು, “ನಮ್ಮ ಕೊಬ್ಬರಿ ಮಾತ್ರ ಒಣಗುವುದಾ ರೈಟರ್ರೆ? ನಿಮ್ಮ ಅಕ್ಕಿಯೂ ಅದೇ ಕಡಲಲ್ಲೇ ಬರುವುದಲ್ಲವಾ?”

ಅಂದರೆ, ಮಂಗಳೂರಿನಲ್ಲಿ ತೂಗಿ ಕೊಟ್ಟ ಅಕ್ಕಿ ಮೂಟೆಗೆ ಯಾರೂ ಒಂದು ಸೇರು ಹೆಚ್ಚು ಹಾಕಲಿಲ್ಲ. ಒಣಗಿದರೂ ಅವರ ನಷ್ಟ, ತೋಯ್ದರೂ ಅವರ ನಷ್ಟ. ಅಪ್ಪ ಬಾಯಿ ತೆರೆದರು, ಮುಚ್ಚಿದರು. ಜಗಲಿಯ ತುದಿಯಿಂದ ತಂಗಿ ನಕ್ಕದ್ದು ಕೇಳಿಸಿತು. ಮಾರನೆಯ ದಿನ ಅಪ್ಪ ಹೊಸ ವಾದ ಕಟ್ಟಿಕೊಂಡು ಹೋದರು: ಮಂಡಿಯ ಬಾಡಿಗೆ, ಇಲಿ ತಿಂದದ್ದು, ಗಾಣದವರು ಮಾಡುವ ಕಡಿತ. ಅದರ ಮಾರನೆಯ ದಿನವೂ ಹೋದರು. ನಾವು ನೀರಿನಲ್ಲಿ, ಅವರು ಲೆಕ್ಕದಲ್ಲಿ. ರಜೆ ಎಂದರೆ ಕೆಲಸದಿಂದ ದೂರ ಹೋಗುವುದೆಂದು ನಾನು ತಿಳಿದಿದ್ದೆ. ಅಪ್ಪ ಅಷ್ಟು ಲವಲವಿಕೆಯಿಂದ ಇದ್ದದ್ದನ್ನು ಅವರು ಕೆಲಸ ಬಿಟ್ಟ ಮೇಲೆ ನಾನು ಕಂಡಿರಲಿಲ್ಲ. ಇಬ್ಬರಿಗೂ ಜಗಳ ತೀರುವುದು ಬೇಕಿರಲಿಲ್ಲವೆಂದು ಅನಿಸುತ್ತದೆ. ಹೊರಡುವ ದಿನ ಹಿರಿಯರು ಮೊಮ್ಮಗನ ಕೈ ಹಿಡಿದು ದೋಣಿಯವರೆಗೆ ಬಂದರು, ಮತ್ತು ಬೀಳ್ಕೊಡುವ ಮಾತಿನ ಬದಲು ಗಾಣದವರ ಕಡಿತದ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದರು. ಅಪ್ಪ ದೋಣಿಯಿಂದ ಕೂಗಿ ಉತ್ತರಿಸಿದ್ದು ಎಂಜಿನ್ನಿನ ಸದ್ದಿಗೆ ಯಾರಿಗೂ ಕೇಳಲಿಲ್ಲ.

ಅಪ್ಪ ಈಗಿಲ್ಲ. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ದ್ವೀಪದ ಪ್ರಯಾಣಿಕರನ್ನು ಹೊತ್ತು ಸುಮಾರು ಏಳು ಗಂಟೆಯಲ್ಲಿ ಮಂಗಳೂರಿನ ಹಳೇ ಬಂದರಿಗೆ ಬಂದ ಸುದ್ದಿ ಓದಿದಾಗ, ಕೊಚ್ಚಿಯ ಸುತ್ತುದಾರಿಯ ಬಗ್ಗೆ ಅವರು ಆಡಿದ ಮಾತುಗಳೆಲ್ಲ ಒಟ್ಟಿಗೆ ನೆನಪಾದವು. ತಮ್ಮನ ಮಗಳು ಮಾತ್ರ ಕೊಚ್ಚಿಯಿಂದ ವಿಮಾನದಲ್ಲಿ ಅಗತ್ತಿಗೆ ಹೋಗಿ ಬಂದಳು. ಚಿತ್ರಗಳು ಚೆನ್ನಾಗಿವೆ.

ನಾವು ಹೋಗಿ ಬಂದ ವರ್ಷವೇ, ಮಳೆಗಾಲ ಮುಗಿದು ಮಂಜಿಗಳು ಹೊರಡತೊಡಗಿದಾಗ, ಅಪ್ಪ ಅಂಗಡಿಯಿಂದ ಒಂದು ಮೂಟೆ ಕುಚಲಕ್ಕಿ ತರಿಸಿ ಮನೆಯ ತಾರಸಿಯ ಮೇಲೆ ಹರಡಿದರು. ಅಮ್ಮ ಬೈದಳು, ಕಾಗೆಗಳನ್ನು ಓಡಿಸುವ ಕೆಲಸ ಅವಳಿಗೆ ಬಿದ್ದಿತ್ತು. ಅಕ್ಕಿ ಚೆನ್ನಾಗಿ ಕಾದ ಮೇಲೆ ತಕ್ಕಡಿ ತರಿಸಿ ತೂಗಿ, ಕಡಿಮೆ ಬಂದದ್ದನ್ನು ಹೊಸ ಅಕ್ಕಿಯಿಂದ ತುಂಬಿಸಿ, ಮೂಟೆಯ ಬಾಯಿ ಹೊಲಿಸಿ, ಕಡ್ಮತ್‌ಗೆ ಹೋಗುವ ತಂಡೇಲನ ಕೈಯಲ್ಲಿ ಕೊಟ್ಟರು. ಮೂಟೆಗೆ ಒಂದು ಚೀಟಿ ಕಟ್ಟಿದ್ದರು, ಮಲಯಾಳದಲ್ಲಿ: ಒಣಗಿಸಿ ತೂಗಿದ್ದು.

ಮರಳಿ ಬಂದ ಮಂಜಿಯಲ್ಲಿ ಎರಡು ಕಟ್ಟು ಬಂದವು. ಒಂದರಲ್ಲಿ ತೆಂಗಿನ ನೀರಾದಿಂದ ಕಾಯಿಸಿದ ಬೆಲ್ಲ. ಇನ್ನೊಂದರಲ್ಲಿ ಮಾಸ್‌ಮೀನು, ಚೂರವನ್ನು ಬೇಯಿಸಿ, ಹೊಗೆಗಿಟ್ಟು, ಬಿಸಿಲಿಗೆ ಹಾಕಿ ಮರದ ತುಂಡಿನ ಹಾಗೆ ಮಾಡಿದ್ದು. ಚೀಟಿಯಲ್ಲಿ ಇದ್ದದ್ದು, ಇದು ಇನ್ನು ಒಣಗುವುದಿಲ್ಲ, ನಿಶ್ಚಿಂತೆಯಿಂದ ತೂಗಿ ನೋಡಿ ಎಂದು. ಅಪ್ಪ ತೂಗಿಯೇ ನೋಡಿದರು. ಅಮ್ಮ ಒಂದು ತುಂಡನ್ನು ಮೆಟ್ಟುಕತ್ತಿಗೆ ಒತ್ತಿದಳು, ಕತ್ತಿ ಜಾರಿತು. ಇನ್ನೊಂದು ಸಲ ಒತ್ತಿ, ತುಂಡನ್ನು ಅಪ್ಪನ ಮುಂದೆ ಇಟ್ಟಳು. “ನಿಮ್ಮ ಸಾಯ್ಬರಿಗೆ ಬರೀರಿ, ಮೀನು ಸಿಕ್ಕಿತು, ಇನ್ನು ಕೊಡಲಿ ಕಳಿಸಲಿ.”